ಗಾಜಿನ ಬೆನ್ನಿಗೆ ಬಂಗಾರ

ಗಾಜಿನ ಮೇಲೆ ಚಿನ್ನದ ಕೆಲಸ ಕಲಿಯಬೇಕೆನ್ನುವವರು ಮೊದಲು ವಿಚಾರಿಸುವುದು ಚಿನ್ನವನ್ನೇ. ರೇಕು ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ, ಕೈಯಲ್ಲಿ ಹರಿದುಹೋದರೆ ಏನು ಮಾಡುವುದು? ನಿಜಕ್ಕೂ ವಿಚಾರಿಸಬೇಕಾದದ್ದು ಗಾಜು ತೊಳೆಯುವುದು ಹೇಗೆ, ಅಂಟು ಕಾಯಿಸುವುದು ಹೇಗೆ ಎಂದು. ಈ ಕಲೆಯಲ್ಲಿ ಚಿನ್ನ ಕೂರುವುದು ಗಾಜಿನ ಹಿಂಬದಿಗೆ, ನೋಡುವವರು ನಿಲ್ಲುವುದು ಮುಂದೆ. ಅವರ ಕಣ್ಣಿಗೆ ಬೀಳುವುದು ಚಿನ್ನದ ಒಳಮೈ, ಗಾಜಿಗೆ ಅಂಟಿಕೊಂಡ ಮೈ. ರೇಕು ಕೂತ ಮೇಲೆ ಆ ಮೈಯನ್ನು ಯಾರೂ ಮುಟ್ಟಲಾಗದು, ಒರೆಸಲಾಗದು, ತಿದ್ದಲಾಗದು. ಬೆರಳಿನ ಜಿಡ್ಡು ತುಸು ಉಳಿದಿದ್ದರೂ, ಅಂಟು ತುಸು ಗಟ್ಟಿಯಾಗಿದ್ದರೂ ಅದು ಚಿನ್ನಕ್ಕಿಂತ ಮುಂದೆ ನಿಂತು ಕಾಣಿಸುತ್ತದೆ. ರೇಕು ಹಿಡಿಯುವ ಕೈಚಳಕ ಅಭ್ಯಾಸದಿಂದ ಬೇಗ ಬರುತ್ತದೆ. ಶುಚಿಯ ಶಿಸ್ತು ಬರುವುದು ನಿಧಾನ. ಹಾಗಾಗಿ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ವಿದ್ಯೆ ಹಳೆಯದು. ಕ್ರಿ.ಶ. 3 ಮತ್ತು 4ನೇ ಶತಮಾನದ ರೋಮನ್ನರು ಬಟ್ಟಲುಗಳ ತಳದಲ್ಲಿ, ಎರಡು ಗಾಜಿನ ಪದರಗಳ ನಡುವೆ ಚಿನ್ನದ ರೇಕಿನಲ್ಲಿ ಕೊರೆದ ಚಿತ್ರವಿಟ್ಟು ಬೆಸೆಯುತ್ತಿದ್ದರು. ಅಂಥ ತಳಗಳು ರೋಮ್‌ನ ನೆಲದಡಿಯ ಸಮಾಧಿಗಳ ಗಾರೆಯಲ್ಲಿ ಹೂತು ಉಳಿದು ಇಂದಿನವರೆಗೆ ಬಂದಿವೆ. ಸುಮಾರು 1400ರ ಹೊತ್ತಿಗೆ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ಬರೆದ ಕೈಪಿಡಿಯಲ್ಲಿ ಗಾಜಿಗೆ ಚಿನ್ನ ಕೂರಿಸುವ ಕ್ರಮ ವಿವರವಾಗಿಯೇ ಇದೆ: ಹಸಿರು ಛಾಯೆಯಿಲ್ಲದ, ಗುಳ್ಳೆಯಿಲ್ಲದ ಗಾಜನ್ನು ಕ್ಷಾರದ ನೀರು, ಇದ್ದಿಲಿನಿಂದ ಉಜ್ಜಿ ತೊಳೆಯುವುದು, ಮೊಟ್ಟೆಯ ಬಿಳಿ ಲೋಳೆಯನ್ನು ಕಡೆದು ರಾತ್ರಿಯಿಡೀ ತಿಳಿಯಾಗಲು ಬಿಡುವುದು, ಅದನ್ನು ಬಳಿದು ರೇಕು ಹಾಕುವುದು, ಒಣಗಿದ ಮೇಲೆ ಕಡ್ಡಿಗೆ ಕಟ್ಟಿದ ಸೂಜಿಯಿಂದ ಚಿತ್ರ ಗೀರುವುದು. ಚಿನ್ನ ಕೂರಿಸುವ ಮಾತಿಗಿಂತ ಮೊದಲು ತೊಳೆಯುವ ಮಾತು ಬಂದಿದೆ ಎಂಬುದನ್ನು ಗಮನಿಸಿ. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಚಿತ್ರಗಳಿಗೆ ಚೌಕಟ್ಟು ಹಾಕುತ್ತಿದ್ದ ಜ್ಯಾನ್ ಬ್ಯಾಪ್ಟಿಸ್ಟ್ ಗ್ಲೊಮಿ, ಕಪ್ಪು ಮತ್ತು ಚಿನ್ನದ ಅಂಚು ಬರೆದ ಗಾಜನ್ನು ಜನಪ್ರಿಯಗೊಳಿಸಿದ. ‘ವೇರ್ ಎಗ್ಲೊಮಿಝೆ’ ಎಂದು ಈ ಕಲೆಗೆ ಬಿದ್ದ ಹೆಸರು ಅವನಿಂದಲೇ ಬಂದದ್ದು. ಬ್ರಿಟನ್ನಿನಲ್ಲಿ ಇದು ಅಂಗಡಿ ಬೋರ್ಡುಗಳಿಗೂ ಪಬ್ಬುಗಳ ಗೋಡೆಗನ್ನಡಿಗಳಿಗೂ ಇಳಿದು ಬಂತು. ಲಂಡನ್ನಿನ ಹೋಬರ್ನ್‌ನಲ್ಲಿರುವ ‘ಪ್ರಿನ್ಸೆಸ್ ಲೂಯಿಸ್’ ಪಬ್ಬಿನ ಒಳಗನ್ನಡಿಗಳನ್ನು ನೋಡಿದರೆ 19ನೇ ಶತಮಾನದ ಕೊನೆಯಲ್ಲಿ ಈ ಕುಶಲಿಗಳ ಕೈ ಎಲ್ಲಿಗೆ ಮುಟ್ಟಿತ್ತು ಎಂದು ಗೊತ್ತಾಗುತ್ತದೆ. ನಮ್ಮ ಕಾಲದಲ್ಲಿ ಇಂಗ್ಲೆಂಡಿನ ಟಾರ್ಕಿ ಊರಿನ ಡೇವಿಡ್ ಸ್ಮಿತ್ ಈ ಪರಂಪರೆಯ ದೊಡ್ಡ ಹೆಸರು. ಜಾನ್ ಮೇಯರ್ ಎಂಬ ಗಾಯಕನ 2012ರ ಆಲ್ಬಂ ‘ಬಾರ್ನ್ ಅಂಡ್ ರೈಸ್ಡ್’ಗೆ ಅವರು ಮಾಡಿದ ಹೊದಿಕೆ ನೋಡಿ ಎಷ್ಟೋ ಎಳೆಯರು ಈ ಕಡೆ ತಿರುಗಿದರು.

ಗಾಜಿನ ಹಿಂಬದಿಯಿಂದ ಕೆಲಸ ಮಾಡುವುದು ನಮ್ಮ ಕಡೆಗೂ ಹೊಸದಲ್ಲ. ಚೀನಾದ ಕ್ಯಾಂಟನ್‌ನ ಚಿತ್ರಗಾರರ ಮೂಲಕ ಬಂದ ಗಾಜಿನ ಚಿತ್ರಕಲೆ ತಂಜಾವೂರಿನಲ್ಲೂ ಮೈಸೂರು ಸೀಮೆಯಲ್ಲೂ ಬೇರು ಬಿಟ್ಟಿತು. ಹಳೆಯ ಮನೆಗಳ ದೇವರ ಕೋಣೆಯಲ್ಲಿ ಈಗಲೂ ಅಂಥ ಕೃಷ್ಣ, ಲಕ್ಷ್ಮಿಯರ ಪಟಗಳಿವೆ. ಅವನ್ನು ಬರೆದವರು ಕಣ್ಣಿನ ಪಾಪೆ, ಒಡವೆಯ ಮುತ್ತುಗಳನ್ನು ಮೊದಲು ಬರೆದು, ಮುಖದ ಬಣ್ಣ ಆಮೇಲೆ ತುಂಬಿ, ಹಿನ್ನೆಲೆಯನ್ನು ಕೊನೆಗೆ ಬಳಿದವರು. ಚಿನ್ನದ ಕೆಲಸಕ್ಕೂ ಇದೇ ಹಿಮ್ಮುಖ ಲೆಕ್ಕ ಬೇಕು.

ಬೇಕಾಗುವ ಸಾಮಾನು

ಗಾಜಿಗೆ ದೂರ ಹೋಗಬೇಕಿಲ್ಲ. ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ 4 ಮಿ.ಮೀ. ದಪ್ಪದ ಸಾದಾ ಗಾಜನ್ನು ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿಕೊಂಡು, ನಾಲ್ಕೂ ಅಂಚು ಉಜ್ಜಿಸಿಕೊಳ್ಳಿ. ಫೋಟೋ ಚೌಕಟ್ಟಿನ 2 ಮಿ.ಮೀ. ಗಾಜೂ ಆಗುತ್ತದೆ, ಆದರೆ ತೊಳೆದು ಉಜ್ಜುವಾಗ ಒಡೆಯುವುದು ಅದೇ. ಗೀರು ಬಿದ್ದ ಗಾಜು ಬೇಡ.

ಚಿನ್ನದ ರೇಕು ಪುಸ್ತಕದ ರೂಪದಲ್ಲಿ ಬರುತ್ತದೆ. ಯುರೋಪಿನ ಪುಸ್ತಕದಲ್ಲಿ ಸಾಮಾನ್ಯವಾಗಿ 80 ಮಿ.ಮೀ. ಚೌಕದ 25 ರೇಕುಗಳಿರುತ್ತವೆ. ಇಟಲಿಯ ಫ್ಲಾರೆನ್ಸ್, ಜರ್ಮನಿಯ ಶ್ವಾಬಾಖ್ ಈ ಕಸುಬಿನ ಹಳೆಯ ಊರುಗಳು. ಗಾಜಿಗೆ 23 ಕ್ಯಾರೆಟ್ ಅಥವಾ ಅದಕ್ಕೂ ಮೇಲಿನದು ಒಳ್ಳೆಯದು. ಕೊಳ್ಳುವಾಗ ‘ಬಿಡಿ ರೇಕು’ ಎಂದು ಒತ್ತಿ ಹೇಳಿ. ಕಾಗದಕ್ಕೆ ಒತ್ತಿ ಅಂಟಿಸಿದ ಇನ್ನೊಂದು ಬಗೆ ಮರದ ಕೆಲಸಕ್ಕೆ, ಹೊರಾಂಗಣದ ಬೋರ್ಡಿಗೆ ಸರಿ. ಒದ್ದೆ ಗಾಜಿಗೆ ಅದು ಬರುವುದಿಲ್ಲ. ಮೈಸೂರು, ಬೆಂಗಳೂರುಗಳಲ್ಲಿ ಸಾಂಪ್ರದಾಯಿಕ ಚಿತ್ರ ಬರೆಯುವವರಿಗೆ ಸಾಮಗ್ರಿ ಒದಗಿಸುವ ಅಂಗಡಿಗಳಲ್ಲಿ ವಿಚಾರಿಸಿದರೆ ರೇಕು ಸಿಗುತ್ತದೆ. ಒಂದು ರೇಕನ್ನು ದೀಪಕ್ಕೆ ಹಿಡಿದು ತೋರಿಸಲು ಕೇಳಿ. ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲೊಂದು ಪಾಲಿನಷ್ಟು ತೆಳುವಾದ ಚಿನ್ನದ ಮೂಲಕ ಬೆಳಕು ಹಸಿರಾಗಿ ಬರುತ್ತದೆ. ಸೂಜಿಮೊನೆಯಂಥ ಬಿಳಿ ಚುಕ್ಕೆಗಳು ತುಂಬ ಕಂಡರೆ ಆ ಪುಸ್ತಕ ಗಾಜಿಗೆ ಬೇಡ. ಸಿಹಿತಿಂಡಿಗೆ ಹಾಕುವ ಬೆಳ್ಳಿ ವರಕಿನಲ್ಲಿ ತೂತುಗಳೇ ಹೆಚ್ಚು, ಅದನ್ನು ಇಲ್ಲಿಗೆ ತರಬೇಡಿ.

ಖರ್ಚು ಉಳಿಸಲು ಹಲವರು ಮೊದಲು ಹಿತ್ತಾಳೆ ರೇಕಿನಲ್ಲಿ ಅಭ್ಯಾಸ ಮಾಡುತ್ತಾರೆ. ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಹಿತ್ತಾಳೆ ರೇಕು ದಪ್ಪ, ಬೆರಳಲ್ಲಿ ಎತ್ತಬಹುದು, ಅದಕ್ಕೆ ಬೇಕಾದ ಅಂಟೂ ಗಟ್ಟಿ. ಅದರಲ್ಲಿ ಪಳಗಿದ ಕೈ ಚಿನ್ನಕ್ಕೆ ಬಂದಾಗ ಎಲ್ಲವನ್ನೂ ಮರೆತು ಹೊಸದಾಗಿ ಕಲಿಯಬೇಕು. ಗಾಜು ಚಿಕ್ಕದಿರಲಿ, ಒಂದು ಸಲಕ್ಕೆ ಎರಡೋ ಮೂರೋ ರೇಕು ಮಾತ್ರ ಸಾಕಾಗುವಂತಿರಲಿ, ಆದರೆ ರೇಕು ಚಿನ್ನದ್ದೇ ಆಗಿರಲಿ.

ರೇಕು ಎತ್ತಲು ಅಳಿಲ ಕೂದಲನ್ನು ಎರಡು ರಟ್ಟಿನ ನಡುವೆ ತೆಳುವಾಗಿ ಹರಡಿ ಅಂಟಿಸಿದ ಅಗಲವಾದ ಚಪ್ಪಟೆ ಕುಂಚ ಬೇಕು. ಕೃತಕ ಕೂದಲಿನದೂ ಬರುತ್ತದೆ. ಕುಂಚ ಕೊಳ್ಳುವಾಗ ಒಂದು ಎಚ್ಚರ: ಮುಂಗುಸಿ ಕೂದಲಿನ ಕುಂಚ ಮಾರುವುದೂ ಕೊಳ್ಳುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಉಳಿದಂತೆ ಅಂಟು ಬಳಿಯಲು ಒಂದು ಅಗಲವಾದ ಮೆತ್ತನೆಯ ಕುಂಚ, ಔಷಧಿ ಅಂಗಡಿಯ ಹತ್ತಿ, ಹಾರ್ಡ್‌ವೇರ್ ಅಂಗಡಿಯ ಚಾಕ್ ಪುಡಿ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಕಪ್ಪು ಎನಾಮಲ್ ಬಣ್ಣ ಇದ್ದರೆ ಕೆಲಸ ಶುರು ಮಾಡಬಹುದು.

ತೊಳೆಯುವುದು, ಅಂಟು ಕಾಯಿಸುವುದು

ಗಾಜನ್ನು ಮೊದಲು ಪಾತ್ರೆ ತೊಳೆಯುವ ದ್ರವದಲ್ಲಿ ತೊಳೆದು ಜಿಡ್ಡು ತೆಗೆಯಿರಿ. ಆಮೇಲೆ ಚಾಕ್ ಪುಡಿಯನ್ನು ನೀರಿನಲ್ಲಿ ಕಲಸಿ ಹತ್ತಿಯಿಂದ ಇಡೀ ಮೈಗೆ ಸುತ್ತುಸುತ್ತಾಗಿ ಉಜ್ಜಿ. ಅದು ಒಣಗಿ ಬಿಳಿಯ ಪೊರೆ ಕಟ್ಟಲಿ, ನಂತರ ಹೊಸ ಹತ್ತಿಯಿಂದ ಒರೆಸಿ. ಕೊನೆಯ ಸುತ್ತು ಡಿಸ್ಟಿಲ್ಡ್ ವಾಟರ್‌ನಲ್ಲೇ ಆಗಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದಾಗ ಬಿಡುವ ಉಪ್ಪಿನ ಕಲೆ ಚಿನ್ನದ ಹಿಂದೆ ಅವಿತುಕೊಳ್ಳುವುದಿಲ್ಲ, ಚಿನ್ನದ ಮುಂದೆಯೇ ಕೂರುತ್ತದೆ. ಬಟ್ಟೆಯಿಂದ ಒರೆಸಬೇಡಿ, ಒಗೆದ ಬಟ್ಟೆಯಲ್ಲೂ ಸೋಪಿನ ಪುಡಿಯ, ಮೆದುಗೊಳಿಸುವ ದ್ರವದ ಅಂಶ ಇರುತ್ತದೆ.

ಶುಚಿಯಾಯಿತೇ ಎಂದು ತಿಳಿಯಲು ಗಾಜಿನ ಮೇಲೆ ಬಾಯಿಯಿಂದ ಹಬೆ ಬಿಡಿ. ಮಂಜು ಎಲ್ಲ ಕಡೆ ಒಂದೇ ಸಮ ಕೂತು, ಒಂದೇ ಸಮ ಆರಿಹೋದರೆ ಸರಿ. ಎಲ್ಲಾದರೂ ಬಿಟ್ಟುಹೋದ ಗುರುತು, ಬೆರಳಚ್ಚು, ಗೆರೆ ಕಂಡರೆ ಮತ್ತೆ ಚಾಕ್ ಪುಡಿ. ಈ ಪರೀಕ್ಷೆಯಲ್ಲಿ ಗಾಜು ಪಾಸಾಗುವವರೆಗೆ ಚಿನ್ನದ ಪುಸ್ತಕ ಬಿಡಿಸಬೇಡಿ. ಆಮೇಲೆ ಗಾಜನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ.

ಅಂಟಿಗೆ ಜೆಲಟಿನ್. ‘00’ ಅಳತೆಯ ಖಾಲಿ ಜೆಲಟಿನ್ ಕ್ಯಾಪ್ಸೂಲ್ ಒಂದು, ಡಿಸ್ಟಿಲ್ಡ್ ವಾಟರ್ ಸುಮಾರು ಅರ್ಧ ಲೀಟರ್. ಬೋರ್ಡ್ ಕುಶಲಿಗಳು ತಲೆತಲಾಂತರದಿಂದ ನಂಬಿಕೊಂಡು ಬಂದ ಅಳತೆ ಹೆಚ್ಚುಕಡಿಮೆ ಇದು. ತೂಕ ಹಾಕಿದರೆ ಆ ಕ್ಯಾಪ್ಸೂಲ್ ಒಂದು ಗ್ರಾಮಿನ ಎಂಟನೇ ಒಂದು ಪಾಲು. ಅಷ್ಟು ನೀರಿಗೆ ಇಷ್ಟೇ ಅಂಟೇ ಎಂದು ಯಾರಿಗಾದರೂ ಅನುಮಾನ ಬರುತ್ತದೆ. ಆದರೆ ಇನ್ನೊಂದು ಕ್ಯಾಪ್ಸೂಲ್ ಸೇರಿಸಿದಿರೋ, ಒಣಗಿದ ಮೇಲೆ ಚಿನ್ನದ ಮುಂದೆ ಹಾಲಿನ ಪೊರೆಯಂಥ ಮಬ್ಬು. ತೀರಾ ನೀರಾದರೆ ಮುಂದೆ ಉಜ್ಜುವಾಗ ಚಿನ್ನ ಎದ್ದು ಬರುತ್ತದೆ. ಒಂದು ಲೋಟದಷ್ಟು ನೀರನ್ನು ಕಾಯಿಸಿ, ಅದರಲ್ಲಿ ಕ್ಯಾಪ್ಸೂಲ್ ಪೂರ್ತಿ ಕರಗಿದ ಮೇಲೆ ಉಳಿದ ನೀರಿಗೆ ಸೇರಿಸಿ, ತೆಳ್ಳನೆಯ ಮಸ್ಲಿನ್ ಬಟ್ಟೆಯಲ್ಲೋ ಕಾಫಿ ಫಿಲ್ಟರ್ ಕಾಗದದಲ್ಲೋ ಸೋಸಿ, ಬೆಚ್ಚಗಿರುವಾಗಲೇ ಬಳಸಿ. ಜೆಲಟಿನ್ ಹಾಕಿ ಕುದಿಸಬೇಡಿ, ಹಿಡಿತ ಕಳೆದುಕೊಳ್ಳುತ್ತದೆ. ಉಳಿದದ್ದನ್ನು ನಾಳೆಗೆ ಇಡಬೇಡಿ, ಹಳಸುತ್ತದೆ. ಕ್ಯಾಪ್ಸೂಲ್ ಬಣ್ಣವಿಲ್ಲದ್ದಾಗಿರಬೇಕು. ‘ವೆಜಿಟೇರಿಯನ್’ ಎಂದು ಬರೆದಿರುವ ಕ್ಯಾಪ್ಸೂಲಿನಲ್ಲಿ ಇರುವುದು ಬೇರೆಯದೇ ವಸ್ತು, ಅದು ಜೆಲಟಿನ್ ಅಲ್ಲ.

ಜೆಲಟಿನ್ ಪ್ರಾಣಿಮೂಲದ್ದು. ಮನೆಯಲ್ಲಿ ಅದನ್ನು ತರಲು ಒಪ್ಪದವರು ಅಗಸೆ ಎಣ್ಣೆಯ ವಾರ್ನಿಷ್ ಅಂಟಿನ ದಾರಿ ಹಿಡಿಯಬಹುದು. ಅದರಲ್ಲಿ ಕನ್ನಡಿಯ ಥಳುಕು ಬರುವುದಿಲ್ಲ, ಮೃದುವಾದ ಮಂದ ಹೊಂಬಣ್ಣ ಬರುತ್ತದೆ. ಅದಕ್ಕೂ ಅದರದೇ ಚೆಲುವಿದೆ. ಹಳೆಯ ಬೋರ್ಡುಗಳಲ್ಲಿ ಅಕ್ಷರದ ಅಂಚಿಗೆ ಥಳಥಳಿಸುವ ಚಿನ್ನ, ನಡುವೆ ಮಂದ ಚಿನ್ನ ಇಟ್ಟು ಎರಡನ್ನೂ ಒಟ್ಟಿಗೆ ಬಳಸುತ್ತಿದ್ದರು.

ರೇಕು ಕೂರಿಸುವುದು

ಮೊದಲು ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ. ಗಾಜನ್ನು ಹಲಗೆಗೆ ಒರಗಿಸಿ ಬಹುಮಟ್ಟಿಗೆ ನೇರವಾಗಿ ನಿಲ್ಲಿಸಿ, ಕೆಳಗೆ ತಟ್ಟೆ ಇಡಿ. ಮಲಗಿಸಿದ ಗಾಜಿನಲ್ಲಿ ಅಂಟುನೀರು ರೇಕಿನ ಕೆಳಗೆ ನಿಂತು ಕಲೆಯಾಗುತ್ತದೆ, ನಿಲ್ಲಿಸಿದರೆ ಹರಿದುಹೋಗುತ್ತದೆ. ಅಂಟುನೀರನ್ನು ಮೇಲಿನಿಂದ ಧಾರಾಳವಾಗಿ ಬಳಿಯಿರಿ. ಗಾಜು ಒದ್ದೆಯಾಗಿದ್ದರೆ ಸಾಲದು, ನೀರು ಹರಿಯುತ್ತಿರಬೇಕು.

ಪುಸ್ತಕದ ಕಾಗದವನ್ನು ಹಿಂದಕ್ಕೆ ಮಡಿಸಿ, ಬೇಕಾದಷ್ಟು ರೇಕು ಹೊರಗೆ ಕಾಣುವಂತೆ ಮಾಡಿ, ಮಡಿಕೆಯ ಗುಂಟ ಉಗುರಿನಿಂದ ಎಳೆದರೆ ರೇಕು ನೇರವಾಗಿ ತುಂಡಾಗುತ್ತದೆ. ಚಪ್ಪಟೆ ಕುಂಚವನ್ನು ನಿಮ್ಮ ಕೆನ್ನೆಗೆ ಒಮ್ಮೆ ಸವರಿ. ಚರ್ಮದ ಎಣ್ಣೆಯ ಲೇಶ ಸಾಕು, ರೇಕಿನ ಅಂಚಿಗೆ ಮುಟ್ಟಿಸಿದರೆ ಅಂಟಿಕೊಂಡು ಬರುತ್ತದೆ. ಅದನ್ನು ಗಾಜಿನ ಸಮೀಪ ಒಯ್ಯಿರಿ. ಇನ್ನೂ ಕೂದಲೆಳೆಯ ಅಂತರ ಇರುವಾಗಲೇ ರೇಕು ತಾನಾಗಿ ಕುಂಚ ಬಿಟ್ಟು ನೀರಿಗೆ ಹಾರಿ ಕೂರುತ್ತದೆ. ಆ ಹಾರುವಿಕೆಯನ್ನು ನೀವು ಮಾಡಿಸುವುದಲ್ಲ, ಆಗಲು ಬಿಡುವುದು. ಕುಂಚದಿಂದ ಒತ್ತಲು ಹೋದರೆ ಕೂದಲು ಒದ್ದೆಯಾಗಿ ಮುಂದಿನ ರೇಕು ಅದಕ್ಕೇ ಮೆತ್ತಿಕೊಳ್ಳುತ್ತದೆ. ಒಂದು ರೇಕಿನ ಅಂಚಿನ ಮೇಲೆ ಇನ್ನೊಂದು ನಾಲ್ಕೈದು ಮಿ.ಮೀ. ಏರಿ ಕೂರಲಿ. ಮೇಲಿನ ಸಾಲಿನಿಂದ ಕೆಳಕ್ಕೆ ಬನ್ನಿ, ಪ್ರತಿ ಸಾಲಿಗೂ ಮುನ್ನ ಗಾಜನ್ನು ಮತ್ತೆ ತೋಯಿಸಿ. ಸುಕ್ಕು ಕಂಡರೆ ಹೆದರಬೇಡಿ. ನೀರು ಇಳಿಯುತ್ತಾ ಹೋದಂತೆ ರೇಕು ತಾನೇ ಗಾಜಿಗೆ ಎಳೆದುಕೊಳ್ಳುತ್ತದೆ.

ಹಸಿಯಾಗಿರುವಾಗ ಚಿನ್ನ ಮಂಕು. ಒಣಗುತ್ತಾ ಮೇಲಿನಿಂದ ಕೆಳಕ್ಕೆ ಹೊಳಪು ಇಳಿದು ಬರುತ್ತದೆ. ಬೇಸಗೆಯಲ್ಲಿ ಬೇಗ, ಮಳೆಗಾಲದ ಮಲೆನಾಡಿನಲ್ಲಿ ಅರ್ಧ ದಿನವೂ ಬೇಕಾಗಬಹುದು. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ಮುಂಬದಿಯಿಂದ ನೋಡಿದಾಗ ಎಲ್ಲೂ ಮಂಕು ಮಚ್ಚೆ ಉಳಿದಿಲ್ಲ ಎಂದಾದ ಮೇಲೆ ಹಿಂಬದಿಯನ್ನು ಒಣ ಹತ್ತಿಯಿಂದ ಹಗುರವಾಗಿ ಸವರಿ. ಸಡಿಲ ಚೂರುಗಳು ಉದುರುತ್ತವೆ. ಆಮೇಲೆ ಬಿಸಿನೀರನ್ನು ಚಿನ್ನದ ಮೇಲೆ ಮೆಲ್ಲಗೆ ಹರಿಸಿ ಮತ್ತೆ ಒಣಗಲು ಬಿಟ್ಟರೆ ಹೆಚ್ಚುವರಿ ಜೆಲಟಿನ್ ತೊಳೆದುಹೋಗಿ ಹೊಳಪು ಇನ್ನೂ ಬಿಚ್ಚಿಕೊಳ್ಳುತ್ತದೆ. ಈ ಬಿಸಿನೀರಿನ ಹಂತವನ್ನು ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಮಾಡಿದ ಗಾಜನ್ನೂ ಮಾಡದ ಗಾಜನ್ನೂ ಪಕ್ಕಪಕ್ಕ ಇಟ್ಟು ನೋಡಿದವರು ಮತ್ತೆ ಬಿಡುವುದಿಲ್ಲ.

ಗಾಜನ್ನು ದೀಪಕ್ಕೆ ಹಿಡಿದರೆ ತೂತುಗಳೆಲ್ಲ ಬಿಳಿ ಚುಕ್ಕೆಯಾಗಿ ಕಾಣುತ್ತವೆ. ಅದಕ್ಕೇ ಎರಡನೇ ಪದರ. ಅಂಟುನೀರನ್ನು ಉಜ್ಜದೆ, ಹರಿಯಬಿಟ್ಟು, ಮೇಲೆ ಮತ್ತೊಂದು ಸುತ್ತು ರೇಕು ಕೂರಿಸಿ. ಚಿಕ್ಕ ಕೆಲಸಕ್ಕೆ ತೂತಿರುವ ಕಡೆ ತುಂಡು ರೇಕಿನ ತೇಪೆ ಸಾಕು.

ಚಿತ್ರ, ಅಕ್ಷರ

ಮೊದಲ ಗಾಜಿಗೆ ನಾನು ಸೂಚಿಸುವುದು ಚೆನ್ನಿನಿಯ ಸೂಜಿಯ ದಾರಿ. ಚಿನ್ನದ ಮೈಯಲ್ಲಿ ಸೂಜಿ ಅಥವಾ ಚೂಪು ಮಾಡಿದ ಬಿದಿರು ಕಡ್ಡಿಯಿಂದ ಗೆರೆ ಗೀರಿ, ಪುಡಿಯನ್ನು ಮೆತ್ತನೆಯ ಕುಂಚದಿಂದ ಗುಡಿಸಿ, ಹಿಂಬದಿಗೆಲ್ಲ ಕಪ್ಪು ಎನಾಮಲ್ ಬಳಿದರೆ ಮುಂಬದಿಯಲ್ಲಿ ಚಿನ್ನದ ನೆಲದ ಮೇಲೆ ಕಪ್ಪು ಗೆರೆಯ ಚಿತ್ರ ಮೂಡುತ್ತದೆ. ಹಸೆ, ರಂಗೋಲಿ ಹಾಕಿ ಪಳಗಿದ ಕೈಗೆ ಇದು ತಟ್ಟನೆ ಒಗ್ಗುತ್ತದೆ. ಎಳೆ ಹಾಕುವ ಧೈರ್ಯ ಇದ್ದರೆ ಸಾಕು, ಅಳಿಸುವ ಅವಕಾಶವಿಲ್ಲ.

ಅಕ್ಷರದ ಕೆಲಸ ಇನ್ನೊಂದು ಬಗೆಯದು. ಅಕ್ಷರವನ್ನು ಟ್ರೇಸಿಂಗ್ ಕಾಗದದಲ್ಲಿ ನೇರವಾಗಿ ಬರೆದು, ಕಾಗದವನ್ನು ಮಗುಚಿ, ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ಚುಚ್ಚಿ, ಚಿನ್ನದ ಮೇಲಿಟ್ಟು ಚಾಕ್ ಪುಡಿಯ ಬಟ್ಟೆಗಂಟಿನಿಂದ ತಟ್ಟಿ. ಚುಕ್ಕಿಗಳ ಸಾಲು ಬೀಳುತ್ತದೆ. ಅದರೊಳಗೆ ಕಪ್ಪು ಎನಾಮಲ್ ತುಂಬಿ ಒಂದು ರಾತ್ರಿ ಪೂರ್ತಿ ಒಣಗಲು ಬಿಡಿ. ಮಾರನೆಯ ದಿನ ಒದ್ದೆ ಹತ್ತಿಗೆ ಚೂರು ಚಾಕ್ ಪುಡಿ ತಾಗಿಸಿ ಸುತ್ತಲಿನ ಚಿನ್ನವನ್ನು ಒರೆಸಿದರೆ, ಬಣ್ಣ ಕಾಪಾಡಿದ ಕಡೆ ಮಾತ್ರ ಚಿನ್ನ ಉಳಿಯುತ್ತದೆ. ಅಂಟು ನೀರಾಗಿತ್ತೇ, ಗಟ್ಟಿಯಾಗಿತ್ತೇ ಎಂಬುದು ಈ ಹೊತ್ತಿನಲ್ಲಿ ಬಯಲಾಗುತ್ತದೆ.

ಕನ್ನಡ ಅಕ್ಷರದಲ್ಲಿ ಈ ಮಗುಚುವ ಕೆಲಸಕ್ಕೆ ಹೆಚ್ಚು ಗಮನ ಬೇಕು. ‘ಗ’, ‘ಠ’ ಮಗುಚಿದರೂ ಹೆಚ್ಚುಕಡಿಮೆ ಹಾಗೇ ಕಾಣುವುದರಿಂದ ತಪ್ಪು ಗೊತ್ತಾಗುವುದಿಲ್ಲ. ಅಭ್ಯಾಸಕ್ಕೆ ‘ಅ’ ಒಳ್ಳೆಯದು. ಒತ್ತಕ್ಷರ, ಕೊಂಬುಗಳ ಒಳಗಿನ ಸಣ್ಣ ಕಿಂಡಿಗಳು ಬಣ್ಣ ತುಂಬುವಾಗ ಮುಚ್ಚಿಹೋಗುತ್ತವೆ. ಆದ್ದರಿಂದ ‘ಶ್ರೀ’ಯಂಥ ಅಕ್ಷರವನ್ನು ಕನಿಷ್ಠ ಅಂಗೈ ಅಗಲಕ್ಕೆ ಬರೆಯಿರಿ. ಬಣ್ಣ ಹಚ್ಚುವ ಮೊದಲು ಗಾಜನ್ನು ಕನ್ನಡಿಯ ಎದುರು ಹಿಡಿದು ಓದಿ.

ಈ ಕಲೆಯ ಎರಡು ಅರ್ಧಗಳೂ ಕರ್ನಾಟಕದಲ್ಲಿ ಇವೆ, ಆದರೆ ಬೇರೆ ಬೇರೆ ಕೈಗಳಲ್ಲಿ. ಮೈಸೂರು ಶೈಲಿಯ ಚಿತ್ರ ಬರೆಯುವವರು ಉಸಿರು ಬಿಗಿಹಿಡಿದು ರೇಕು ಕೂರಿಸಬಲ್ಲರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಬರೆಯುವ ಕಲಾವಿದರಿಗೆ ಕನ್ನಡ ಅಕ್ಷರದ ಬಾಗು, ಬಳುಕು, ತೂಕ ಗೊತ್ತು. ಕಲಿಯುವ ಮನಸ್ಸಿದ್ದರೆ ಇಬ್ಬರ ಬಳಿಯೂ ಹೋಗಿ ಕೂರಿ, ಅವರ ಸಮಯಕ್ಕೆ ತಕ್ಕ ಸಂಭಾವನೆ ಕೊಟ್ಟು ಕಲಿಯಿರಿ. ವಿಡಿಯೋ ನೋಡಿ ಕ್ರಮ ತಿಳಿಯಬಹುದು, ಕುಂಚದ ಒತ್ತಡ ತಿಳಿಯದು.

ಕನ್ನಡಿಯ ಮಾತು

ಇರುವ ಕನ್ನಡಿಗೆ ಚಿನ್ನದ ಚಿತ್ರ ಸೇರಿಸಬೇಕಾದರೆ ಹಿಂಬದಿಯ ಬಣ್ಣವನ್ನು ಚಿತ್ರದ ಆಕಾರದಲ್ಲಿ ಪೇಂಟ್ ರಿಮೂವರ್‌ನಿಂದ ಎಬ್ಬಿಸಿ, ಕೆಳಗಿನ ಬೆಳ್ಳಿ ಪದರವನ್ನು ಒದ್ದೆಯಾಗಿರಿಸಿಕೊಂಡೇ ಬ್ಲೇಡಿನಿಂದ ತೆಗೆದು, ಬಯಲಾದ ಗಾಜಿಗೆ ಚಿನ್ನ ಕೂರಿಸಬೇಕು. ಕನ್ನಡಿಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಒಣದಾಗಿ ಕೆರೆದು ಧೂಳೆಬ್ಬಿಸಬೇಡಿ. ಮಾಸ್ಕ್, ಕೈಗವಸು ಬೇಕೇ ಬೇಕು. ಇದಕ್ಕಿಂತ ಸುಲಭದ ದಾರಿಯೆಂದರೆ ಸಾದಾ ಗಾಜಿನಲ್ಲಿ ಚಿನ್ನದ ಚಿತ್ರ ಮುಗಿಸಿ, ಸುತ್ತಲಿನ ಬಯಲಿಗೆ ಅದೇ ಜೆಲಟಿನ್‌ನಿಂದ ಬೆಳ್ಳಿ ರೇಕು ಕೂರಿಸುವುದು. ರೇಕುಗಳ ಜೋಡಣೆಯ ಗೆರೆ ನವಿರಾಗಿ ಕಾಣುವ, ಹಳೆಯ ಕಾಲದ ನೋಟದ ಕನ್ನಡಿ ಸಿದ್ಧವಾಗುತ್ತದೆ. ಬೆಳ್ಳಿ ಗಾಳಿಗೆ ಕಪ್ಪಾಗುತ್ತದೆ, ಆದ್ದರಿಂದ ಒಣಗಿದ ಕೂಡಲೇ ಹಿಂಬದಿಗೆ ಬಣ್ಣ ಬಳಿದು ಮುಚ್ಚಿಬಿಡಿ.

ಹಳೆಯ ಮನೆಯ ದೊಡ್ಡ ಬೆಲ್ಜಿಯಂ ಕನ್ನಡಿಯನ್ನು ಮಾತ್ರ ಕೆರೆಯಲು ಹೋಗಬೇಡಿ. 1835ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ ಗಾಜಿಗೆ ಬೆಳ್ಳಿ ಹಿಡಿಸುವ ರಾಸಾಯನಿಕ ದಾರಿ ಕಂಡುಕೊಂಡರೂ, ತವರ ಮತ್ತು ಪಾದರಸದ ಹಳೆಯ ಕನ್ನಡಿಗಳು ಆಮೇಲೂ ಬಹಳ ಕಾಲ ತಯಾರಾದವು. ಅಂಥವುಗಳ ಕೆಳಗಿನ ಅಂಚಿನಲ್ಲಿ ಪಾದರಸದ ಹನಿ ಸೇರಿರುವುದೂ ಉಂಟು. ಅದೇ ರೀತಿ, ಗಾಜಿನ ಮೈ ಕೊರೆಯಲು ಹಳೆಯ ಕಾರ್ಖಾನೆಗಳು ಬಳಸುತ್ತಿದ್ದ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಇಳಿದು ಮೂಳೆಯವರೆಗೆ ಹೋಗುವ ವಿಷ. ಅದು ಮನೆಯ ಕೆಲಸಕ್ಕೆ ಸಲ್ಲದು. ದೇವರ ಕೋಣೆಯ ಹಳೆಯ ಗಾಜಿನ ಪಟಗಳನ್ನೂ ಹೊಸದಾಗಿ ಕಲಿತ ಉತ್ಸಾಹದಲ್ಲಿ ಬಿಚ್ಚಬೇಡಿ. ಅವುಗಳ ಬಣ್ಣ ಗಾಜಿನಿಂದ ಹೊಪ್ಪಳಿಕೆಯಾಗಿ ಎದ್ದಿರುತ್ತದೆ, ಒದ್ದೆ ಬಟ್ಟೆ ತಾಗಿದರೆ ಮುಖವೇ ಉದುರಬಹುದು.

ನಿಮ್ಮ ಗಾಜು ಮುಗಿದ ಮೇಲೆ ಹಿಂಬದಿಗೆಲ್ಲ ಒಂದು ಕೈ ವಾರ್ನಿಷ್ ಬಳಿಯಿರಿ, ಚಿನ್ನದ ಅಂಚಿನಿಂದ ಎರಡು ಮೂರು ಮಿ.ಮೀ. ಆಚೆಗೂ ಹೋಗುವಂತೆ. ತೇವ ಒಳನುಗ್ಗುವುದು ಅಂಚಿನಿಂದಲೇ. ಚೌಕಟ್ಟು ಹಾಕಿಸುವಾಗ ಹಿಂದಿನ ಹಲಗೆ ಗಾಜಿಗೆ ತಾಗದಂತೆ ನಡುವೆ ಸಣ್ಣ ಪಟ್ಟಿ ಕೊಡಲು ಅಂಗಡಿಯವರಿಗೆ ಹೇಳಿ. ಬಚ್ಚಲಿನ ಗೋಡೆಗೆ, ಮಳೆನೀರು ಜಿನುಗುವ ಗೋಡೆಗೆ ತೂಗುಹಾಕಬೇಡಿ. ಮುಂಬದಿಯನ್ನು ಒರೆಸುವಾಗ ದ್ರವವನ್ನು ಬಟ್ಟೆಗೆ ಹಾಕಿಕೊಂಡು ಒರೆಸಿ, ಗಾಜಿಗೆ ನೇರವಾಗಿ ಸಿಂಪಡಿಸಿದರೆ ಅದು ಚೌಕಟ್ಟಿನ ಸಂದಿಯಿಂದ ಇಳಿದು ಹಿಂಬದಿ ಸೇರುತ್ತದೆ.